ಇಟ್ಟಿಗೆಗೆ 28 ದಿನ, ಅತಿಥಿಗೆ 30 ದಿನ: ಮಲೆನಾಡಲ್ಲಿ ಹೊರದೇಶದ ಯುವಜನರ ಜೊತೆ ಊರೊಟ್ಟಿನ ಮನೆ ಕಟ್ಟುವ ಕ್ರಮ

ಒತ್ತಿದ ಮಣ್ಣಿನ ಇಟ್ಟಿಗೆ ಗೋಡೆಗೆ ಏರುವಷ್ಟು ಗಟ್ಟಿಯಾಗಲು 28 ದಿನ ಬೇಕು. ಪ್ರವಾಸಿ ಇ-ವೀಸಾದಲ್ಲಿ ಬಂದ ಹೊರದೇಶದವರು ಸಂಬಳ, ಪ್ರತಿಫಲ ಯಾವುದೂ ಇಲ್ಲದೆ ಸ್ವಯಂಸೇವೆ ಮಾಡಬಹುದಾದದ್ದು ಹೆಚ್ಚೆಂದರೆ ಒಂದು ತಿಂಗಳು. ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡದೆ, ಹೊರದೇಶದ ಯುವಜನರ ಜೊತೆ ಮನೆ ಕಟ್ಟುವ ಶಿಬಿರ ಶುರುಮಾಡಿದರೆ, ಬಂದವರು ಇಟ್ಟಿಗೆ ಒತ್ತಿ, ಅದಕ್ಕೆ ನೀರು ಹಾಕುತ್ತ ಕೂತು, ಗೋಡೆಯ ಮುಖ ನೋಡದೆ ವಾಪಸ್ ಹೋಗುತ್ತಾರೆ. ಊರಿನವರ ಕೈಯಲ್ಲಿ ಇಟ್ಟಿಗೆಯ ರಾಶಿ ಉಳಿಯುತ್ತದೆ, ಮೇಲೆ ಮಳೆಗಾಲ.

ಸಕಲೇಶಪುರ, ಆಲೂರು, ಮೂಡಿಗೆರೆ, ಕೊಪ್ಪದ ಕಡೆಯ ಯುವಕ ಸಂಘಗಳು, ಮಹಿಳಾ ಸಂಘಗಳು ಊರಿಗೆಲ್ಲ ಸೇರಿದ ಇಂಥ ಕೂಡುಮನೆ ಕಟ್ಟಲು ಹೊರಟರೆ ಏನನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ. ಲೆಕ್ಕವೆಲ್ಲ ಒಂದೇ ಅಳತೆಯ ಮನೆಗೆ: ಹೊರಗಿನಿಂದ ಹೊರಗೆ 32 ಅಡಿ ಉದ್ದ, 20 ಅಡಿ ಅಗಲ, 9 ಅಡಿ ಗೋಡೆ, ಪೂರ್ವದ ತುದಿಗೆ 8 ಅಡಿಯ ಜಗಲಿ. ಒಳಗೆ ಒಂದು ದೊಡ್ಡ ಹಜಾರ, ಅಡುಗೆಮನೆ, ಒಂದು ಕೋಣೆ. ನಿಮ್ಮ ಅಳತೆ ಬೇರೆಯಿದ್ದರೆ ಅದೇ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಮೊದಲು ಕ್ಯಾಲೆಂಡರ್, ಆಮೇಲೆ ನಕ್ಷೆ

ನಮ್ಮ ಕಡೆ ಕಟ್ಟಡದ ಕೆಲಸಕ್ಕೆ ನಂಬಬಹುದಾದ ಒಣ ದಿನಗಳು ನವೆಂಬರ್ ಕೊನೆಯಿಂದ ಮಾರ್ಚ್ ತನಕ. ಮಾರ್ಚ್ ಕೊನೆ, ಏಪ್ರಿಲಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೆ. ತೋಟಕ್ಕೆ ಅದು ಬೇಕು, ಮಾಡು (ಇಳಿಜಾರು ಛಾವಣಿ) ಇನ್ನೂ ಏರದ ಮಣ್ಣಿನ ಗೋಡೆಗೆ ಬೇಡ. ಇದೇ ಒಣ ತಿಂಗಳಲ್ಲಿ ಕಾಫಿ ಕೊಯ್ಲೂ ನಡೆಯುತ್ತದೆ: ಅರೇಬಿಕಾ ನವೆಂಬರಿನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಆ ಹೊತ್ತಿಗೆ ಊರಲ್ಲಿ ಕೂಲಿಗೆ ಆಳು ಹುಡುಕಿದರೂ ಸಿಗುವುದಿಲ್ಲ. ಹೊರಗಿನ ಕೈಗಳು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿಯೇ.

ಆದ್ದರಿಂದ ಒಂದೇ ದೊಡ್ಡ ತಂಡವನ್ನು ಕರೆಸಬೇಡಿ. ಮೂರು ತಂಡ ಮಾಡಿ. ಡಿಸೆಂಬರ್ 1ರಿಂದ ನಾಲ್ಕು ವಾರ ಮೊದಲ ತಂಡ: 12 ಹೊರದೇಶದವರು, 12 ಊರಿನವರು. ಇವರ ಕೆಲಸ ಇಟ್ಟಿಗೆ ಮತ್ತು ಪಾಯ. ಜನವರಿಯಲ್ಲಿ ಹೊರಗಿನವರು ಯಾರೂ ಇಲ್ಲ. ಊರಿನವರು ಇಟ್ಟಿಗೆಗೆ ನೀರುಣಿಸುತ್ತಾರೆ, ಮೇಸ್ತ್ರಿ ಪಾಯ ಮುಗಿಸುತ್ತಾರೆ. ಫೆಬ್ರವರಿ ಮೊದಲ ವಾರಕ್ಕೆ ಎರಡನೇ ತಂಡ ಬರುತ್ತದೆ, ಗೋಡೆ ಎಬ್ಬಿಸುತ್ತದೆ. ಮಾರ್ಚ್ ಆದಿಯಲ್ಲಿ ಎಂಟು ಜನರ ಚಿಕ್ಕ ತಂಡ, ಮಾಡು ಮತ್ತು ಹೆಂಚಿಗೆ. ಹೀಗೆ ಮಾಡಿದರೆ ಮೊದಲ ತಂಡ ಒತ್ತಿದ ಇಟ್ಟಿಗೆಯನ್ನು ಇನ್ನಾರೋ ಕಟ್ಟುತ್ತಾರೆ. "ನಾನು ಮಾಡಿದ್ದು ಪೂರ್ತಿ ಕಾಣಲಿಲ್ಲ" ಎಂಬ ಬೇಸರ ಬರುವುದು ಸಹಜ. ಅದನ್ನು ಕರೆಯುವಾಗಲೇ ಪತ್ರದಲ್ಲಿ ಬರೆದುಬಿಡಿ, ಬಂದ ಮೇಲೆ ಹೇಳಬೇಡಿ.

ನಾಲ್ಕೂ ತಿಂಗಳು ಜಾಗ ಬಿಟ್ಟು ಅಲ್ಲಾಡದ ಆರು ಜನ ಊರಿನ ಯುವಕ ಯುವತಿಯರು ಬೇಕು. ಇಡೀ ಯೋಜನೆ ನಿಂತಿರುವುದು ಇವರ ಮೇಲೆ. ನಕ್ಷೆ, ಅಳತೆ, ಮಿಶ್ರಣದ ಲೆಕ್ಕ, ಯಾವ ದಿನದ ಇಟ್ಟಿಗೆ ಯಾವ ಸಾಲಿನಲ್ಲಿದೆ ಎಂಬುದು ಎಲ್ಲವೂ ಒಂದು ರಟ್ಟಿನ ಪುಸ್ತಕದಲ್ಲಿ, ಇವರ ಕೈಬರಹದಲ್ಲಿ ಇರಬೇಕು. ಒಂದು ತಂಡ ಹೋಗಿ ಇನ್ನೊಂದು ಬಂದಾಗ ಕೆಲಸ ಮುಂದುವರಿಯುವುದು ಆ ಪುಸ್ತಕದಿಂದ. ದೇಶ ದೇಶದವರು ಕೂಡಿ ದುಡಿಯುವ ಶ್ರಮಶಿಬಿರವೆಂಬ ಪದ್ಧತಿಗೆ ನೂರು ವರ್ಷ ದಾಟಿದೆ. ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ 1920ರಲ್ಲಿ ಫ್ರಾನ್ಸಿನ ವರ್ಡನ್ ಬಳಿ, ಯುದ್ಧದಲ್ಲಿ ನೆಲಸಮವಾಗಿದ್ದ ಹಳ್ಳಿಯೊಂದರಲ್ಲಿ ಮೊದಲ ಶಿಬಿರ ನಡೆಸಿದರು. 1934ರ ಬಿಹಾರ ಭೂಕಂಪದ ನಂತರ ಅಲ್ಲಿನ ಹಳ್ಳಿಗಳನ್ನು ಮತ್ತೆ ಕಟ್ಟಲು ನಮ್ಮ ದೇಶಕ್ಕೂ ಬಂದರು. ಹೊರಗಿನಿಂದ ಬಂದವರು ಹೋಗಲೇಬೇಕು, ಮನೆಯಲ್ಲಿ ಬಾಳುವವರು ಊರಿನವರು. ಕೊನೆಯ ಮಾತು ಯಾರದ್ದು ಎಂಬ ಪ್ರಶ್ನೆ ಬಂದಾಗಲೆಲ್ಲ ಇದನ್ನು ನೆನಪಿಟ್ಟುಕೊಳ್ಳಿ.

ಜಾಗ ಮತ್ತು ಕಾಗದ

ಗ್ರಾಮಠಾಣಾ (ಊರಿನ ವಸತಿಗೆಂದು ಗುರುತಿಸಿದ ನೆಲ) ಒಳಗೆ ಜಾಗ ಸಿಕ್ಕಿದರೆ ಅರ್ಧ ತಲೆನೋವು ಹೋಯಿತು. ಕೃಷಿ ಜಮೀನಾದರೆ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಜಾಗ ಯಾರೋ ಒಬ್ಬ ದೊಡ್ಡ ಮನಸ್ಸಿನವರ ಹೆಸರಲ್ಲಿ ಇರುವುದು ಬೇಡ. ಅವರ ಕಾಲದ ನಂತರ ಮಕ್ಕಳ ನಡುವೆ ಪಾಲಾಗುವಾಗ ಕೂಡುಮನೆ ಯಾರ ಪಾಲಿಗೆ ಎಂಬ ಜಗಳ ಬರುತ್ತದೆ. ನೋಂದಾಯಿತ ಸಂಘದ ಹೆಸರಿಗೆ ದಾನಪತ್ರವಾಗಲಿ, ದೀರ್ಘಾವಧಿ ಗುತ್ತಿಗೆಯಾಗಲಿ ಆಗಿ, ಖಾತೆಯಾಗಿ, ಪಂಚಾಯಿತಿಯಿಂದ ಕಟ್ಟಡ ಪರವಾನಗಿ ಕೈಗೆ ಬಂದ ಮೇಲೆಯೇ ಹೊರದೇಶದವರಿಗೆ ಟಿಕೆಟ್ ಮಾಡಿಸಲು ಹೇಳಿ.

ಹೊರದೇಶದವರು ಬಂದು ಉಳಿದ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಸಿ ಫಾರಂ ಎಂದು ಹೋಂಸ್ಟೇಯವರೆಲ್ಲ ಕರೆಯುವುದು ಇದನ್ನೇ. ಹಳ್ಳಿಯ ಮನೆಯಲ್ಲಿ ಉಳಿಸಿದರೂ ಈ ನಿಯಮ ತಪ್ಪುವುದಿಲ್ಲ, ಆ ಮನೆಯವರೇ ಸಲ್ಲಿಸಬೇಕಾಗುತ್ತದೆ. ಹತ್ತಿರದ ಪೊಲೀಸ್ ಠಾಣೆಗೂ ಒಂದು ಪಟ್ಟಿ ಕೊಟ್ಟಿಟ್ಟರೆ ಊರಿನಲ್ಲಿ ಯಾರೂ ಅನುಮಾನದಿಂದ ನೋಡುವುದಿಲ್ಲ. ತಿಂಗಳಿಗಿಂತ ಹೆಚ್ಚು ದಿನ ಕೆಲಸ ಮಾಡುವವರಿಗೆ ಬೇರೆ ವೀಸಾ ಬೇಕು. ಅದನ್ನು ಅವರು ತಮ್ಮ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯಲ್ಲೇ ಕೇಳಬೇಕು. ಹಣದ ವಿಷಯದಲ್ಲಿ ಇನ್ನೂ ಗಟ್ಟಿಯಾಗಿರಿ. ಸಂಘವು ವಿದೇಶಿ ದೇಣಿಗೆ ಪಡೆಯಬೇಕಾದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇರಬೇಕು, ಹಣ ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೆ. ಅದಿಲ್ಲದಿದ್ದರೆ ಅತಿಥಿಗಳು ಪ್ರೀತಿಯಿಂದ ಕೊಟ್ಟರೂ ಸಂಘದ ಖಾತೆಗೆ ಹಾಕಿಸಿಕೊಳ್ಳಬೇಡಿ.

ಕೂಡಿ ನಕ್ಷೆ ಮಾಡುವುದು

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ವಿಡಿಯೋ ಕರೆಯಲ್ಲಿ ನಾಲ್ಕೈದು ಸಲ ಕೂತರೆ ಸಾಕು. ಎಲ್ಲರಿಗೂ ಎಲ್ಲವನ್ನೂ ಬಿಟ್ಟುಕೊಟ್ಟರೆ ನಕ್ಷೆ ಮುಗಿಯುವುದೇ ಇಲ್ಲ. ಮತಕ್ಕೆ ಹಾಕಬಾರದ ಮೂರು ವಿಷಯಗಳನ್ನು ಮೊದಲ ದಿನವೇ ಹೇಳಿ. ಮಾಡಿನ ಇಳಿಜಾರು 30 ಡಿಗ್ರಿಗೆ ಕಡಿಮೆ ಆಗಬಾರದು. ತಳಪಾಯದ ಕಲ್ಲುಕಟ್ಟು ನೆಲದಿಂದ 2 ಅಡಿ ಮೇಲೇಳಬೇಕು. ಜಗಲಿ, ಮುಖ್ಯ ಬಾಗಿಲು ಪಡುವಣಕ್ಕೆ ಬೇಡ, ಮುಂಗಾರಿನ ಇರಚಲು ಹೊಡೆಯುವುದು ಆ ದಿಕ್ಕಿನಿಂದ. ಉಳಿದದ್ದೆಲ್ಲ ಚರ್ಚೆಗೆ ಮುಕ್ತ.

ಮಳೆ ಕಡಿಮೆಯಿರುವ ಊರಿನಿಂದ ಬಂದವರು ಮಾಡುವ ಸಾಮಾನ್ಯ ತಪ್ಪೊಂದಿದೆ. ಉದ್ದದ ಗೋಡೆಗೆ ಹೊಂದಿಸಿ 8 ಅಡಿ ಅಗಲದ ಚೆಂದದ ಜಗಲಿ ಬರೆಯುತ್ತಾರೆ. ಕಾಗದದ ಮೇಲೆ ಅದು ಬಹಳ ಸೊಗಸು. ಆದರೆ 30 ಡಿಗ್ರಿ ಇಳಿಜಾರಿನಲ್ಲಿ ಹೊರಕ್ಕೆ ಒಂದು ಅಡಿ ಹೋದರೆ ಮಾಡು ಏಳು ಇಂಚು ಇಳಿಯುತ್ತದೆ. ಎಂಟು ಅಡಿಗೆ ನಾಲ್ಕೂವರೆ ಅಡಿಗಿಂತ ಹೆಚ್ಚು ಇಳಿದು, 9 ಅಡಿ ಗೋಡೆಯ ಮನೆಗೆ ಸೂರು ಸುಮಾರು 4 ಅಡಿ 4 ಇಂಚು ಎತ್ತರಕ್ಕೆ ಬಂದು ನಿಲ್ಲುತ್ತದೆ. ಒಳಗೆ ಹೋಗಬೇಕಾದರೆ ಎಲ್ಲರೂ ಬಾಗಬೇಕು. ಜಗಲಿಯನ್ನು ಪೂರ್ವದ ಅಡ್ಡತುದಿಗೆ ತೆಗೆದುಕೊಂಡು ಹೋಗಿ, ಅದೇ ಮಾಡನ್ನು ನೇರವಾಗಿ 8 ಅಡಿ ಮುಂದಕ್ಕೆ ಚಾಚಿದರೆ ಎತ್ತರ ಕಳೆದುಕೊಳ್ಳುವುದಿಲ್ಲ. ಉದ್ದದ ಎರಡೂ ಬದಿಗೆ 3 ಅಡಿ ಸೂರು ಬಿಟ್ಟರೂ ಅದು 7 ಅಡಿ 3 ಇಂಚಿನಲ್ಲಿ ಇರುತ್ತದೆ. ಈ ಲೆಕ್ಕವನ್ನು ನೀವೇ ಹೇಳಿಬಿಡಬೇಡಿ. ರಟ್ಟಿನ ಮಾದರಿ ಮಾಡಿಸಿ, ಅಳತೆಪಟ್ಟಿ ಕೊಟ್ಟು ಅವರಿಂದಲೇ ಅಳೆಸಿ.

ನಮ್ಮವರು ಕೇಳದೆ ಬಿಡುವ, ಅವರು ಊಹಿಸದ ವಿಷಯಗಳೂ ಇವೆ. ಚಪ್ಪಲಿ ಬಿಡಲು ಜಾಗ, ಕಾಲು ತೊಳೆಯಲು ನಲ್ಲಿ ಜಗಲಿಯ ಮೆಟ್ಟಿಲ ಪಕ್ಕ ಬೇಕು. ಬಚ್ಚಲು, ಶೌಚಾಲಯ ಬೇರೆ ಕಟ್ಟಡವಾಗಿರಲಿ. ಹಂಡೆ ಒಲೆಯ ಹೊಗೆ ಎತ್ತ ಹೋಗಬೇಕು ಎಂದು ಯೋಚಿಸಿ. ರೊಟ್ಟಿ ತಟ್ಟುವ ಕಟ್ಟೆಯ ಎತ್ತರವನ್ನು ಅಲ್ಲಿ ನಿಂತು ಕೆಲಸ ಮಾಡುವ ಅಮ್ಮಂದಿರ ಮುಂದೆ ಅಳತೆಪಟ್ಟಿ ಹಿಡಿದು ಗೊತ್ತುಮಾಡಿ, ಪುಸ್ತಕದಲ್ಲಿರುವ ಅಳತೆ ನೋಡಿ ಅಲ್ಲ.

ತಂಡ ಬಂದ ಮೊದಲ ಬೆಳಿಗ್ಗೆ ನಕ್ಷೆಯನ್ನು ನೆಲದ ಮೇಲೆ ಪೂರ್ಣ ಗಾತ್ರದಲ್ಲಿ ಸುಣ್ಣದಿಂದ ಎಳೆಯಿರಿ. ಮೂಲೆಗಳಲ್ಲಿ ಗೂಟ ಹೊಡೆದು ದಾರ ಕಟ್ಟಿ, ಎರಡೂ ಕರ್ಣ ಅಳೆಯಿರಿ. 32ಕ್ಕೆ 20 ಅಡಿ ಆಯಕ್ಕೆ ಕರ್ಣ ಹತ್ತಿರ ಹತ್ತಿರ 37 ಅಡಿ 8 ಇಂಚು 7 ಸೂತ (ಸೂತವೆಂದರೆ ಇಂಚಿನ ಎಂಟನೇ ಒಂದು ಪಾಲು) ಬರಬೇಕು. ಎರಡರಲ್ಲಿ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಗೂಟ ಕೀಳಿ. ಇಲ್ಲಿ ಬಿಟ್ಟ ತಪ್ಪು ಹೆಂಚು ಹೊದಿಸುವ ದಿನ ಕಾಣುತ್ತದೆ, ಆಗ ಮಾಡುವಂಥದ್ದು ಏನೂ ಇರುವುದಿಲ್ಲ. ಸುಣ್ಣದ ಗೆರೆಯೊಳಗೆ ಎಲ್ಲರೂ ಓಡಾಡಲಿ, ಊಟಕ್ಕೆ ಸಾಲಾಗಿ ಕೂರಲಿ. ಹಜಾರದಲ್ಲಿ ಎರಡು ಪಂಕ್ತಿ ಹಿಡಿಯುತ್ತದೋ ಇಲ್ಲವೋ ಎಂದು ಅಲ್ಲಿಯೇ ಗೊತ್ತಾಗುತ್ತದೆ.

ಅಳತೆಯ ಭಾಷೆಯನ್ನೂ ಅಂದೇ ತೀರ್ಮಾನಿಸಿ. ಹೊರಗಿನವರು ಮಿಲಿಮೀಟರಿನಲ್ಲಿ ಯೋಚಿಸುತ್ತಾರೆ, ನಮ್ಮ ಮೇಸ್ತ್ರಿ, ಮರಗೆಲಸದ ಆಚಾರ್ರು ಅಡಿ, ಇಂಚು, ಸೂತದಲ್ಲಿ. ನಕ್ಷೆಯಲ್ಲಿ 2.1 ಮೀಟರ್ ಬಾಗಿಲು ಎಂದಿರುತ್ತದೆ, ಆಚಾರ್ರು 7 ಅಡಿಯ ಚೌಕಟ್ಟು ಮಾಡಿ ತರುತ್ತಾರೆ. ಎರಡಕ್ಕೂ ಒಂದೂಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ, ಚೌಕಟ್ಟು ಕೂರುವುದಿಲ್ಲ. ನಮ್ಮ ಸಲಹೆ: ಕೆಲಸದ ಜಾಗದಲ್ಲಿ ಅಡಿ-ಇಂಚು ಮಾತ್ರ, ಏಕೆಂದರೆ ತಪ್ಪನ್ನು ಕಣ್ಣಳತೆಯಲ್ಲೇ ಹಿಡಿಯುವವರು ಮೇಸ್ತ್ರಿ. ಎಲ್ಲ ಟೇಪುಗಳ ಸೆಂಟಿಮೀಟರ್ ಬದಿಗೆ ಮೊದಲ ಹತ್ತು ಅಡಿ ಇನ್ಸುಲೇಷನ್ ಟೇಪು ಅಂಟಿಸಿಬಿಡಿ.

ಇಟ್ಟಿಗೆ

ಮೇಲಿನ ಒಂದೂವರೆ ಅಡಿ ಕಪ್ಪು ಮಣ್ಣು ತೆಗೆದು ಬದಿಗಿಡಿ. ಅದರಲ್ಲಿ ಬೇರು, ಎಲೆಗೊಬ್ಬರ ಇರುತ್ತದೆ. ತೋಟಕ್ಕೆ ಚಿನ್ನ, ಇಟ್ಟಿಗೆಗೆ ವಿಷ. ಕೆಳಗಿನ ಕೆಂಪು ಮಣ್ಣು ಬೇಕು. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮೊದಲು ಮರಳು ಕೂರುತ್ತದೆ, ಅರ್ಧ ಗಂಟೆಯಲ್ಲಿ ನವಿರು ಹುಡಿ, ಮರುದಿನಕ್ಕೆ ಮೇಲೆ ಜೇಡಿ. ಒಳ್ಳೆಯ ಇಟ್ಟಿಗೆಗೆ ಮರಳು ಮೂರರಲ್ಲಿ ಎರಡು ಪಾಲು, ಜೇಡಿ ನೂರಕ್ಕೆ 10ರಿಂದ 15 ಇದ್ದರೆ ಸರಿ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಜೇಡಿ ಸಾಮಾನ್ಯವಾಗಿ ಇದಕ್ಕಿಂತ ಬಹಳ ಹೆಚ್ಚು. ಹಾಗೆಯೇ ಒತ್ತಿದರೆ ಆ ದಿನ ಇಟ್ಟಿಗೆ ಕನ್ನಡಿಯಂತೆ ನಯವಾಗಿ ಬರುತ್ತದೆ, ವಾರದಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಅದಕ್ಕೇ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಬೆರೆಸುವುದು.

ಅರ್ಧಕ್ಕರ್ಧ ಬೆರೆಸಬೇಕಾದ ಮಣ್ಣಿಗೆ ಲೆಕ್ಕ ಹೀಗೆ: 8 ಬಾಣಲಿ ಜರಡಿಯಾಡಿದ ಮಣ್ಣು, 8 ಬಾಣಲಿ ಎಂ-ಸ್ಯಾಂಡ್, 1 ಬಾಣಲಿ ಸಿಮೆಂಟ್. ತೂಕದಲ್ಲಿ ಸಿಮೆಂಟು ನೂರಕ್ಕೆ ಏಳರಷ್ಟಾಗುತ್ತದೆ. ಜರಡಿಯ ಕಣ್ಣು 5 ಮಿಲಿಮೀಟರಿಗೆ ಮೀರಬಾರದು. ಒಣಗಿದ್ದಾಗಲೇ ಬಣ್ಣ ಒಂದಾಗುವ ತನಕ ಮಗುಚಿ, ಆಮೇಲೆ ನೀರನ್ನು ಚಿಮುಕಿಸಿ, ಸುರಿಯಬೇಡಿ. ಹದ ನೋಡಲು ಒಂದು ಮುಷ್ಟಿ ಹಿಡಿದು ಉಂಡೆ ಮಾಡಿ, ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಪುಡಿಪುಡಿಯಾದರೆ ನೀರು ಸಾಲದು. ಉಂಡೆ ಚಪ್ಪಟೆಯಾಗಿ ಹಾಗೇ ಕೂತರೆ ಹೆಚ್ಚಾಯಿತು. ನಾಲ್ಕೈದು ಚೂರಾದರೆ ಹದ ಸರಿ. ಇಷ್ಟು ಮಿಶ್ರಣಕ್ಕೆ ಸುಮಾರು 25 ಇಟ್ಟಿಗೆ ಬರುತ್ತದೆ, ಅರ್ಧ ಗಂಟೆಯಲ್ಲಿ ಒತ್ತಿ ಮುಗಿಸಬೇಕು. ಚಹಾಕ್ಕೆ ಹೋಗಿ ಬಂದು ಉಳಿದ ಮಿಶ್ರಣಕ್ಕೆ ಮತ್ತೆ ನೀರು ಹಾಕಿ ಒತ್ತುವುದು ದೊಡ್ಡ ತಪ್ಪು. ಸಿಮೆಂಟು ಆಗಲೇ ಕಟ್ಟಲು ಶುರುವಾಗಿರುತ್ತದೆ, ಇಟ್ಟಿಗೆ ನೋಡಲು ಸರಿಯಿದ್ದರೂ ಮಳೆಯಲ್ಲಿ ಕರಗುತ್ತದೆ.

ಯಂತ್ರಕ್ಕೆ ಕೈಯಿಂದ ಒತ್ತುವ ಮರ್ದಿನಿ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗೆ ಒಗ್ಗುವ ತಂತ್ರಜ್ಞಾನದ ಅಸ್ತ್ರ ಕೇಂದ್ರದಲ್ಲಿ ರೂಪುಗೊಂಡ ಯಂತ್ರವದು. ವಿದ್ಯುತ್ ಬೇಡ, ಕೆಟ್ಟರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ರಿಪೇರಿ ಆಗುತ್ತದೆ. 230 × 190 × 100 ಮಿಲಿಮೀಟರ್ ಅಚ್ಚಿನಲ್ಲಿ 230 ಗೋಡೆಯ ದಪ್ಪಕ್ಕೆ ಬರುವಂತೆ ಇಟ್ಟರೆ ಒಂದು ಚದರ ಮೀಟರ್ ಗೋಡೆಗೆ 45 ಇಟ್ಟಿಗೆ. ಬಾಗಿಲು, ಕಿಟಕಿ ಕಳೆದು, ಎರಡು ತುದಿಯ ಮುಕ್ಕೋಣ ಗೋಡೆ ಸೇರಿಸಿ, ಒಡೆದದ್ದಕ್ಕೆ ನೂರಕ್ಕೆ ಹತ್ತು ಕೂಡಿಸಿದರೆ 5,200 ಬೇಕು. ಅದಕ್ಕೆ ಸಿಮೆಂಟು 60 ಚೀಲ, ಮಣ್ಣು ಆರೇಳು ಟ್ರ್ಯಾಕ್ಟರ್ ಲೋಡು, ಎಂ-ಸ್ಯಾಂಡ್ ಅಷ್ಟೇ. ಎಂಟು ಜನರ ಗುಂಪು ಹೀಗೆ ನಿಲ್ಲಲಿ: ಇಬ್ಬರು ಜರಡಿಗೆ, ಇಬ್ಬರು ಕಲಸಲು, ಒಬ್ಬರು ತೂಗಿ ತುಂಬಲು, ಇಬ್ಬರು ಹಿಡಿಗೆ, ಒಬ್ಬರು ಹೊತ್ತು ಜೋಡಿಸಲು. ಪಳಗಿದವರು ದಿನಕ್ಕೆ 400 ದಾಟುತ್ತಾರೆ. ಹೊಸಬರಿಗೆ 300 ಎಂದೇ ಲೆಕ್ಕ ಹಿಡಿಯಿರಿ. ಹಾಗಾದರೆ 18 ದಿನ.

ತೂಗಿ ತುಂಬುವುದನ್ನು ಬಿಡಬೇಡಿ. ಪ್ರತಿ ಅಚ್ಚಿಗೂ ಒಂದೇ ತೂಕ, ಹಸಿ ಮಿಶ್ರಣ ಎಂಟೂವರೆಯಿಂದ ಒಂಬತ್ತು ಕಿಲೋ. ಕಣ್ಣಂದಾಜಿಗೆ ಬಿಟ್ಟರೆ ಹಿಡಿ ಹಗುರವಾಗಿ ಇಳಿಯಲಿ ಎಂದು ಸಂಜೆಯ ಹೊತ್ತಿಗೆ ಎಲ್ಲರ ಕೈಯೂ ಕಡಿಮೆ ತುಂಬುತ್ತದೆ. ಅಚ್ಚಿನಿಂದ ಹೊರಬಂದ ಇಟ್ಟಿಗೆಯ ನಾಲ್ಕು ಮೂಲೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳು ಒಳಗಿಳಿದರೆ, ಮೂಲೆ ಉದುರಿದರೆ ಅದನ್ನು ಅಲ್ಲೇ ಒಡೆದು ಮಿಶ್ರಣಕ್ಕೆ ಹಾಕಿ. ಪಾಪ ಕಷ್ಟಪಟ್ಟು ಒತ್ತಿದರಲ್ಲ ಎಂದು ಇಟ್ಟುಕೊಂಡ ಇಟ್ಟಿಗೆ ಗೋಡೆಯಲ್ಲಿ ಹುಳುಕು ಹಲ್ಲಾಗುತ್ತದೆ.

ನೆರಳಲ್ಲಿ, ಐದಾರು ಸಾಲಿಗಿಂತ ಎತ್ತರ ಮಾಡದೆ ಜೋಡಿಸಿ. ಮೊದಲ ಎರಡು ದಿನ ಪ್ಲಾಸ್ಟಿಕ್ ಹೊದಿಕೆ, ಆಮೇಲೆ ಗೋಣಿ ಹೊದಿಸಿ ದಿನಕ್ಕೆ ಎರಡು ಸಲ ನೀರು. ಪ್ರತಿ ಸಾಲಿನ ತುದಿಗೆ ಒತ್ತಿದ ತಾರೀಕು ಬರೆದ ಚೀಟಿ. ಶಿಬಿರಗಳು ಸೋಲುವುದು ಹೆಚ್ಚಾಗಿ ಇಲ್ಲಿ, ಜನವರಿಯಲ್ಲಿ. ಅತಿಥಿಗಳು ಹೋಗಿರುತ್ತಾರೆ, ಹುರುಪು ಇಳಿದಿರುತ್ತದೆ, ಕೊಯ್ಲು ಜೋರಾಗಿರುತ್ತದೆ, ಗೋಣಿ ಒಣಗುತ್ತದೆ. ನೀರು ಕಾಣದೆ ಒಣಗಿದ ಇಟ್ಟಿಗೆ ಆಮೇಲೆ ಎಷ್ಟು ನೆನೆಸಿದರೂ ಗಟ್ಟಿಯಾಗುವುದಿಲ್ಲ. ಆರು ಜನರಲ್ಲಿ ಯಾರಿಗೆ ಯಾವ ವಾರ ಎಂದು ಪಾಳಿ ಬರೆದು, ಸಾವಿರ ಲೀಟರಿನ ಟ್ಯಾಂಕನ್ನು ಇಟ್ಟಿಗೆಯ ಪಕ್ಕದಲ್ಲೇ ಇಡಿ. ದೂರದಿಂದ ಕೊಡದಲ್ಲಿ ತಂದು ಹಾಕುವುದು ನಾಲ್ಕು ದಿನ ಮಾತ್ರ ನಡೆಯುತ್ತದೆ.

ಪಾಯ, ಗೋಡೆ

ಪಾಯದ ಕೆಲಸವನ್ನು ಮೇಸ್ತ್ರಿಗೆ ಬಿಡಿ, ಯುವಜನರು ಅಗೆಯಲಿ, ಕಲ್ಲು ಕೊಡಲಿ. ಗಟ್ಟಿ ನೆಲದಲ್ಲಿ 2 ಅಡಿ ಅಗಲ, ಎರಡೂವರೆ ಅಡಿ ಆಳ. ಮೇಲೆ 2 ಅಡಿ ಎತ್ತರಕ್ಕೆ ಒಂದೂವರೆ ಅಡಿ ದಪ್ಪದ ಕಲ್ಲುಕಟ್ಟು. ಒಟ್ಟು ಗೋಡೆ ಉದ್ದ 131 ಅಡಿ, ಹಾಗಾಗಿ ಕಲ್ಲುಕಟ್ಟು ಸುಮಾರು 1,050 ಘನ ಅಡಿ. ಇಳಿಜಾರು ಸರಿಮಾಡಲು ತುಂಬಿದ ಮಣ್ಣಿನ ಮೇಲೆ ಪಾಯ ಹಾಕಬೇಡಿ, ಕೆಳಗಿನ ಹುಟ್ಟುನೆಲ ಸಿಗುವ ತನಕ ಅಗೆಯಿರಿ. ಪಾಯದ ಮೇಲಿನ ಕಾಂಕ್ರೀಟ್ ಬೆಲ್ಟು, ಬಾಗಿಲು ಕಿಟಕಿಯ ಮೇಲಿನ ಲಿಂಟಲ್ ಬೆಲ್ಟು, ಮಾಡಿನ ಮರದ ಗಾತ್ರ, ಈ ಮೂರಕ್ಕೆ ಇಂಜಿನಿಯರರ ಸಹಿ ಇರಲೇಬೇಕು.

ಗೋಡೆಯ ಗಾರೆ ಇಟ್ಟಿಗೆಗಿಂತ ಗಟ್ಟಿ ಇರಬಾರದು: ಸಿಮೆಂಟು 1, ಮಣ್ಣು 2, ಮರಳು 6. ಸುಮಾರು 17 ಚೀಲ ಸಿಮೆಂಟು ಹಿಡಿಯುತ್ತದೆ. ಇಟ್ಟಿಗೆಯನ್ನು ನೀರಿಗೆ ಅದ್ದಿ ತೆಗೆದು ಇಡಬೇಕು, ಇಲ್ಲವಾದರೆ ಅದು ಗಾರೆಯ ನೀರು ಹೀರಿಕೊಂಡು ಬಿಡುತ್ತದೆ. ದಿನಕ್ಕೆ ಎಂಟು ವರಸೆಗಿಂತ (ಇಟ್ಟಿಗೆಯ ಸಾಲು) ಮೇಲೆ ಏರಬೇಡಿ. ಇಬ್ಬರು ಮೇಸ್ತ್ರಿ, ಅವರಿಗೆ ಪೂರ್ತಿ ಕೂಲಿ. ಸ್ವಯಂಸೇವಕರು ಬಂದಿದ್ದಾರೆಂದು ಊರಿನ ಕೆಲಸಗಾರರ ಕೂಲಿ ತಪ್ಪಿಸಿದರೆ ಮನೆ ಎದ್ದರೂ ಊರು ಒಡೆಯುತ್ತದೆ. ಮೂಲೆಗಳನ್ನು ಮೇಸ್ತ್ರಿಯೇ ಎಬ್ಬಿಸಲಿ; ಎರಡು ಮೂಲೆಗಳ ನಡುವೆ ದಾರ ಕಟ್ಟಿದ ಮೇಲೆ ಹೊಸ ಕೈಗಳು ತುಂಬುತ್ತ ಹೋಗಲಿ, ಮೂರು ವರಸೆಗೊಮ್ಮೆ ತೂಗುಗುಂಡು ಬಿಟ್ಟು ನೋಡಲಿ. ಮೂಲೆಗೆ ಕೈಹಾಕಲು ಎಲ್ಲರಿಗೂ ಆಸೆ, ಆದರೆ ಅಲ್ಲಿ ಎರಡು ಸೂತ ವಾಲಿದರೆ ಇಡೀ ಗೋಡೆ ಅದರ ಹಿಂದೆ ವಾಲುತ್ತದೆ.

ಪಡುವಣದ ಗೋಡೆಗೆ ಹೊರಗಿನಿಂದ ಸುಣ್ಣದ ಗಾರೆ ಹೊಡೆಯಿರಿ. ಉಳಿದ ಗೋಡೆ ಹಾಗೇ ಇದ್ದರೂ ಚೆಂದ.

ಮಾಡು, ಹೆಂಚು

ತೋಟದ ಸಿಲ್ವರ್ ಓಕ್ ಮಾಡಿಗೆ ಆಗುತ್ತದೆ, ಹುಳ ಹಿಡಿಯದಂತೆ ನೋಡಿಕೊಂಡರೆ. ಕೊಯ್ದ ಹಸಿ ಪಕಾಸನ್ನೇ (ಮಾಡಿನ ಇಳಿಜಾರಿಗೆ ಹಾಕುವ ಮರ) 100 ಲೀಟರ್ ನೀರಿಗೆ 3 ಕಿಲೋ ಬೋರಾಕ್ಸ್, 2 ಕಿಲೋ ಬೋರಿಕ್ ಆಸಿಡ್ ಕರಗಿಸಿದ ತೊಟ್ಟಿಯಲ್ಲಿ ವಾರ, ಹತ್ತು ದಿನ ಮುಳುಗಿಸಿ, ನೆರಳಲ್ಲಿ ಒಣಗಿಸಿ. ಇದು ಡಿಸೆಂಬರಿನಲ್ಲೇ ಆಗಬೇಕು. ಮಾರ್ಚಿನಲ್ಲಿ ಕೊಯ್ದ ಹಸಿ ಮರ ಮಾಡಿನ ಮೇಲೆಯೇ ತಿರುಚಿಕೊಳ್ಳುತ್ತದೆ. ಈ ನೀರು ಮಳೆಗೆ ತೊಳೆದುಹೋಗುವುದರಿಂದ ಒದ್ದೆಯಾಗುವ ಸೂರಿನ ತುದಿಗಳಿಗೆ ಎಣ್ಣೆ ಬಳಿಯಿರಿ.

ಸೂರು, ಜಗಲಿ ಎಲ್ಲ ಸೇರಿ ಇಳಿಜಾರಿನ ಅಳತೆ 1,350 ಚದರ ಅಡಿ. ಮಂಗಳೂರು ಹೆಂಚು ಚದರ ಮೀಟರಿಗೆ 15 ಬೀಳುತ್ತದೆ. ಒಡೆಯುವುದು ಸೇರಿಸಿ 2,050 ಹೆಂಚು, 40 ಮೂಲೆಹೆಂಚು ತರಿಸಿ. ಯುರೋಪಿನಿಂದ ಬಂದವರಿಗೆ ಈ ಹೆಂಚಿನ ಗುರುತು ಸಿಗುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ನಮ್ಮ ಘಟ್ಟಕ್ಕೆ ಹತ್ತಿದ್ದು ಅದು.

ಹಳೆಯ ಮನೆ ಕೆಡವಿದ ಹೆಂಚು ಅಗ್ಗಕ್ಕೆ ಸಿಗುತ್ತದೆ, ಗಟ್ಟಿಯೂ ಇರುತ್ತದೆ. ಆದರೆ ಪ್ರತಿ ಹೆಂಚನ್ನೂ ತಿರುಗಿಸಿ ಕಾರ್ಖಾನೆಯ ಅಚ್ಚು ನೋಡಿ. ಬೇರೆ ಬೇರೆ ಕಾರ್ಖಾನೆಯ ಹೆಂಚಿನ ಕಚ್ಚು ಒಂದಕ್ಕೊಂದು ಕೂರುವುದಿಲ್ಲ. ಕೂತಂತೆ ಕಂಡರೂ ಜೂನಿನಲ್ಲಿ ಸೋರುತ್ತದೆ. ಒಂದೇ ಅಚ್ಚಿನವು ಸಾವಿರ ಸಿಕ್ಕರೆ ಒಂದು ಬದಿಯ ಮಾಡಿಗೆ, ಇನ್ನೊಂದು ಅಚ್ಚಿನವು ಇನ್ನೊಂದು ಬದಿಗೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಟಣ್ ಎಂದರೆ ಸರಿ, ಬದ್ ಎಂದರೆ ಒಳಗೆ ಸೀಳಿದೆ.

ರೀಪಿನ (ಹೆಂಚು ಕೂರುವ ಮರದ ಪಟ್ಟಿ) ಅಂತರವನ್ನು ಯಾರ ಮಾತಿಗೂ ಬಿಡಬೇಡಿ. ನೀವು ಹೊದಿಸುವ ಹೆಂಚನ್ನೇ ಹತ್ತು ತೆಗೆದುಕೊಂಡು ನೆಲದ ಮೇಲೆ ಒಂದರ ಕೆಳಗೊಂದು ಕಚ್ಚಿಸಿ ಇಡಿ. ಮೊದಲ ಹೆಂಚಿನ ಮೇಲಂಚಿನಿಂದ ಕೊನೆಯ ಹೆಂಚಿನ ಮೇಲಂಚಿನ ತನಕ, ಆದಷ್ಟು ಒತ್ತಿ ಒಮ್ಮೆ ಅಳೆಯಿರಿ, ಆದಷ್ಟು ಎಳೆದು ಇನ್ನೊಮ್ಮೆ ಅಳೆಯಿರಿ, ಎರಡು ಅಳತೆಯ ಸರಾಸರಿಯನ್ನು ಹೆಂಚಿನ ನಡುವಿನ ಅಂತರಗಳ ಲೆಕ್ಕಕ್ಕೆ, ಅಂದರೆ ಒಂಬತ್ತಕ್ಕೆ, ಭಾಗಿಸಿ. ಹನ್ನೆರಡೂವರೆ ಇಂಚಿನ ಆಸುಪಾಸು ಬರುತ್ತದೆ. ಆ ಅಳತೆಗೆ ಒಂದು ಮರದ ತುಂಡು ಕತ್ತರಿಸಿ, ಎಲ್ಲ ರೀಪಿಗೂ ಅದನ್ನೇ ಇಟ್ಟು ಮೊಳೆ ಹೊಡೆಯಲಿ. ಹೆಂಚನ್ನು ಸೂರಿನಿಂದ ಮೇಲಕ್ಕೆ, ಎರಡೂ ಬದಿಗೆ ಒಟ್ಟೊಟ್ಟಿಗೆ ಹೊದಿಸಿ. ಒಂದೇ ಬದಿಗೆ ಎರಡೂವರೆ ಟನ್ ಏರಿಸಿ ಊಟಕ್ಕೆ ಹೋದರೆ ಮಾಡು ವಾಲಬಹುದು. ನೆಲದಿಂದ ಮೇಲಕ್ಕೆ ಸಾಲಾಗಿ ನಿಂತು ಹೆಂಚು ದಾಟಿಸುವ ಆ ಎರಡು ದಿನ ಶಿಬಿರದ ಅತ್ಯಂತ ಸಂತೋಷದ ದಿನಗಳು. ಊರನ್ನೆಲ್ಲ ಕರೆಯಿರಿ.

ಮಂಗಗಳ ಕಾಟ ಇರುವ ಊರಾದರೆ ಹೆಂಚಿನ ಕೆಳಗೆ ಶೀಟು ಹಾಕುವುದನ್ನು ಮೊದಲೇ ಯೋಚಿಸಿ, ಆಗ ಮರದ ಲೆಕ್ಕವೂ ಬದಲಾಗುತ್ತದೆ.

ಜೀವದ ಜೋಪಾನ

ಡಿಸೆಂಬರಿನಿಂದ ಮೇ ತನಕ ಮಲೆನಾಡಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಈ ಜ್ವರ ಉಣುಗಿನಿಂದ ಹರಡುತ್ತದೆ, ಚಿಕ್ಕಮಗಳೂರು ಜಿಲ್ಲೆಯ ಊರುಗಳಲ್ಲೂ ಕಾಣಿಸಿಕೊಂಡಿದೆ. ಶಿಬಿರ ನಡೆಯುವುದು ಸರಿಯಾಗಿ ಅದೇ ತಿಂಗಳಲ್ಲಿ. ಸೌದೆ, ತರಗೆಲೆಗೆ ಅತಿಥಿಗಳನ್ನು ಕಾಡಿಗೆ ಕಳಿಸಬೇಡಿ, ತುಂಬುತೋಳು ಅಂಗಿ ಹಾಕಿಸಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣುಗಿನ ಎಣ್ಣೆ ಹಚ್ಚಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ. ಜ್ವರ ಬಂದವರು ಗುಳಿಗೆ ನುಂಗಿ ಮಲಗಬಾರದು, ಅದೇ ದಿನ ಆಸ್ಪತ್ರೆಗೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಆನೆಯ ಓಡಾಟವಿದೆ: ಕತ್ತಲಾದ ಮೇಲೆ ಕಾಲ್ನಡಿಗೆ ಬೇಡ, ಮಲಗುವ ಜಾಗದಲ್ಲಿ ಅಕ್ಕಿ, ಉಪ್ಪು, ಬಾಳೆಹಣ್ಣು ಇಡಬೇಡಿ.

ಸಿಮೆಂಟು ಕಲಸುವವರಿಗೆ ರಬ್ಬರ್ ಗ್ಲೌಸು, ಎಲ್ಲರಿಗೂ ಶೂ. ಸಾರವೆ ಹತ್ತುವವರಿಗೆ ಹೆಲ್ಮೆಟ್. ಟಿಟಿ ಚುಚ್ಚುಮದ್ದು ಆಗಿದೆಯೇ ಎಂದು ಬರುವ ಮೊದಲೇ ಕೇಳಿ. ಎಂಟು ಹತ್ತು ಜನಕ್ಕೆ ಒಂದು ಶೌಚಾಲಯ, ಕುಡಿಯಲು ಕುದಿಸಿದ ನೀರು ತಲೆಗೆ ನಾಲ್ಕು ಲೀಟರ್. ಮೊದಲ ವಾರ ಸಾರಿಗೆ ಖಾರ ಅರ್ಧ. ಹತ್ತಾರು ಕನ್ನಡ ಪದಗಳನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿ: ಎತ್ತು, ಇಳಿಸು, ಹಿಡಿ, ಬಿಡು, ಮಟ್ಟ, ನೀರು, ಸಾಕು, ಹುಷಾರು. "ನಿಲ್ಲಿ" ಎಂಬ ಪದವನ್ನು ತಮಾಷೆಗೂ ಬಳಸಬಾರದು. ಅದನ್ನು ಯಾರು ಕೂಗಿದರೂ, ಮೇಸ್ತ್ರಿಯೂ ಸೇರಿ ಎಲ್ಲರ ಕೈ ನಿಲ್ಲಬೇಕು.

ಮನೆ ಉಳಿಯಬೇಕಾದರೆ

ಬೀಗದ ಕೈ ಯಾರ ಬಳಿ, ಕರೆಂಟು ಬಿಲ್ಲು ಯಾರು ಕಟ್ಟುವುದು, ಮದುವೆ ನಿಶ್ಚಿತಾರ್ಥಕ್ಕೆ ಕೊಡುವುದಾದರೆ ಎಷ್ಟು ಬಾಡಿಗೆ ಎಂಬುದನ್ನು ಹೆಂಚು ಏರುವ ಮೊದಲೇ ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಬೇಕು: ಜಾರಿದ್ದನ್ನು ಕೂರಿಸಿ, ಕಸ ಗುಡಿಸಿ, ಒಡೆದದ್ದನ್ನು ಬದಲಿಸಬೇಕು. ಕಟ್ಟಿದ ಹತ್ತು ವರ್ಷಕ್ಕೆ ಅದೇ ಅಚ್ಚಿನ ಹೆಂಚು ಸಿಗುವ ಭರವಸೆಯಿಲ್ಲ. ಮೊದಲ ವರ್ಷವೇ ಎರಡೂ ಬದಿಯ ಅಚ್ಚಿನವು ತಲಾ 50 ಹೆಂಚು ತೆಗೆದು, ಬಚ್ಚಲ ಗೋಡೆಗೆ ಒರಗಿಸಿ ನಿಲ್ಲಿಸಿ, ಯಾವುದು ಯಾವ ಬದಿಯದು ಎಂದು ಗೋಡೆಯ ಮೇಲೆ ಬರೆದಿಡಿ.